ಮಡುವಿಗೆ ಇಳಿಯದ ಮರಿ

ನಮ್ಮೂರ ಹೊಳೆ ತಿರುಗುವ ಕಡೆ ನೀರು ಆಳವಾಗಿ ನಿಂತಿರುತ್ತದಲ್ಲ, ಅದಕ್ಕೊಂದು ಹೆಸರಿತ್ತು ಮಕ್ಕಳೇ. ಮ... ಮಡಿಕೆ ಅಲ್ಲ... ಮಡು. ಹೌದು, ಮಡು. ಈ ದೂರದ ಊರಿಗೆ ಬಂದಮೇಲೆ ಆ ಮಾತು ಆಡಲು ನನಗೆ ಯಾರೂ ಸಿಗಲಿಲ್ಲ.

ಆ ಮಡುವಿನಲ್ಲಿ ಆಮೆ ಮೇಷ್ಟ್ರು ನೀರುನಾಯಿ ಮರಿಗಳಿಗೆ ಮುಳುಗುವ ಪಾಠ ಹೇಳುತ್ತಿದ್ದರು. ನೀರುನಾಯಿಗೂ ಈಜು ಹುಟ್ಟಿನಿಂದ ಬರುವುದಿಲ್ಲ, ಕಲಿಯಬೇಕು. ಚುಕ್ಕ ಎಂಬ ಮರಿ ಚೆನ್ನಾಗಿಯೇ ಕಲಿಯುತ್ತಿತ್ತು. ಇದ್ದಕ್ಕಿದ್ದಂತೆ ಹೋಗುವುದನ್ನು ನಿಲ್ಲಿಸಿತು. ಬೆಳಗಾದರೆ "ಅಮ್ಮಾ, ಹೊಟ್ಟೆನೋವು" ಎಂದು ಬಿಲದ ಮೂಲೆ ಸೇರುತ್ತಿತ್ತು.

ದಡದ ಕೊಕ್ಕರೆ ತಾಯಿಯನ್ನು ಕೇಳಿತು, "ಏನ್ರೀ, ನೀರುನಾಯಿಗೇ ನೀರು ಬೇಡವಂತೆ? ಇನ್ನು ಮೇಲೆ ನಿಮ್ಮನ್ನು ಬರೀ ನಾಯಿ ಅಂತ ಕರೆಯೋಣವಾ?"

ತಾಯಿಗೆ ಅವಮಾನವಾಯಿತು. ಅಂಜುವ ಮರಿಯನ್ನು ಕತ್ತು ಕಚ್ಚಿ ನೀರಿಗೆ ಎಳೆಯುವುದು ನೀರುನಾಯಿಗಳ ರೂಢಿ. ಅವಳೂ ಹಾಗೆಯೇ ಮಾಡಿದಳು. ಚುಕ್ಕ ಒದ್ದಾಡಿ ಮೇಲೆ ಬಂದು, ಓಡಿ, ಬಿಲದ ತಳ ಸೇರಿತು. ಆಮೇಲೆ ಬಿಲದ ಬಾಯಿಗೂ ಬರಲಿಲ್ಲ. ಮೀನು ತಂದಿಟ್ಟರೂ ಮುಟ್ಟಲಿಲ್ಲ.

ಒಂದು ಸಂಜೆ ಮಡುವಿನಿಂದ ಮರಿಗಳ ಸಿಳ್ಳೆ ಕೇಳಿಸಿತು. ಚುಕ್ಕ ತಲೆಯೆತ್ತಿ, ಸದ್ದಾಗದಂತೆ ತಾನೂ ಬಾಯಲ್ಲೇ ಸಿಳ್ಳೆ ಹಾಕಿತು. ತಾಯಿ ನೋಡಿದಳು. ಇದಕ್ಕೆ ಹೋಗಲು ಮನಸ್ಸಿಲ್ಲ ಎಂದುಕೊಂಡಿದ್ದಳು. ಮನಸ್ಸೆಲ್ಲ ಅಲ್ಲೇ ಇತ್ತು. ಅವಳು ಸುಮ್ಮನೆ ಪಕ್ಕದಲ್ಲಿ ಮಲಗಿದಳು.

ತುಂಬ ಹೊತ್ತಾದ ಮೇಲೆ ಚುಕ್ಕ ಹೇಳಿತು, "ಕೊನೆಯ ಸಲ ಪಾಠಕ್ಕೆ ಹೋದಾಗ ತಳದಲ್ಲಿ ಬೇರಿಗೆ ಕಾಲು ಸಿಕ್ಕಿಕೊಂಡಿತ್ತಮ್ಮ. ಮೇಲೆ ಎಲ್ಲರೂ ಆಡ್ತಿದ್ರು. ಕೂಗಿದೆ, ನೀರೊಳಗೆ ದನಿ ಬರಲಿಲ್ಲ."

"ನನಗೆ ಹೇಳಬಾರದಿತ್ತೇನೋ?"

"ಹೇಳೋಣ ಅಂತಿದ್ದೆ. ನೀನು ಕತ್ತು ಹಿಡಿದುಬಿಟ್ಟೆ."

ಮಾರನೆಯ ದಿನ ಇಬ್ಬರೂ ಒದ್ದೆ ಮರಳಿನವರೆಗೆ ಮಾತ್ರ ಹೋದರು. ಆಮೆ ಮೇಷ್ಟ್ರು, "ಬಾರಪ್ಪ, ಇವತ್ತು ದಡದಲ್ಲೇ ಕೂತು ನೋಡು" ಎಂದರು. ಮುಂದೆ ಪಾದ ಮುಳುಗುವಷ್ಟು, ಆಮೇಲೆ ಹೊಟ್ಟೆ ಮುಳುಗುವಷ್ಟು. ಕೆಲವು ದಿನ ಮತ್ತೆ ಬಿಲಕ್ಕೇ ಓಡಿಬರುತ್ತಿತ್ತು. ಕೊಕ್ಕರೆ ನಕ್ಕಾಗ ತಾಯಿ, "ನೀವೂ ನೀರಿಗೆ ಒಂದೇ ಕಾಲು ಇಡ್ತೀರಲ್ಲ ಅಕ್ಕ" ಎಂದಳು.

ಮಳೆಗಾಲ ಕಳೆದು ನೀರು ತಿಳಿಯಾದಾಗ ಚುಕ್ಕ ಗೆಳೆಯರ ಜೊತೆ ಮುಳುಗಿತು. ತಾಯಿ ದಡದಲ್ಲಿ ಉಸಿರು ಬಿಗಿಹಿಡಿದು ನಿಂತಳು. ಮೇಲೆ ಬಂದ ಮರಿ ಅವಳ ಕಡೆ ತಿರುಗಿಯೂ ನೋಡದೆ ಆಟಕ್ಕೆ ಹೋಯಿತು. ಅವಳಿಗೆ ಬೇಕಾಗಿದ್ದುದೂ ಅದೇ. ಆದರೂ ಸಂಜೆಯವರೆಗೆ ಅಲ್ಲೇ ನಿಂತಿದ್ದಳು.

ಶರ್ವಾಣಿ, ಇಲ್ಲಿಯವರೆಗೆ ಅಜ್ಜಿ ಬರೆದಾಯಿತು, ಕೊನೆಯ ಸಾಲು ನೀನು ಬರೆ ಪುಟ್ಟಿ.

ನೀತಿ: ಹೆದರಿದ ಮಗುವನ್ನು ಎಳೆಯುವ ಮೊದಲು ಅದರ ಮಾತು ಕೇಳಬೇಕು, ಆಮೇಲೆ ಅದರ ಹೆಜ್ಜೆಯ ಪಕ್ಕದಲ್ಲೇ ನಡೆಯಬೇಕು.