ಕಾರಣ ಕೇಳುತ್ತಿದ್ದ ಭಂಡಾರಿ

ಮಠದ ಗ್ರಂಥಗಳ ಉಸ್ತುವಾರಿ ಮುರಿಗಯ್ಯನ ಪಾಲಿಗೆ ಬಂದು ಹದಿನೈದು ದಿನವಾಗಿತ್ತು. ಅವನು ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ಒಬ್ಬ ಮನುಷ್ಯ ಈಗ ಏನನ್ನು ಓದುತ್ತಿದ್ದಾನೆ, ಅದನ್ನೇ ಏಕೆ ಆರಿಸಿಕೊಂಡ ಎಂಬುದು ಗೊತ್ತಾದರೆ ಆ ಮನುಷ್ಯನೇ ಗೊತ್ತಾದಂತಲ್ಲವೇ? ಇನ್ನು ಮೇಲೆ ಕಾರಣ ಹೇಳಿದವರಿಗೆ ಮಾತ್ರ ಗ್ರಂಥ ಕೊಡಬೇಕೆಂದಿದ್ದೇನೆ. ತಮ್ಮ ಅಪ್ಪಣೆಯಾಗಬೇಕು."

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. ಕೂತುಕೊಳ್ಳುವಂತೆ ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಓಲೆಗರಿ ಗ್ರಂಥಗಳ ಭಂಡಾರವೊಂದಿತ್ತು. ಊರಿನ ವರ್ತಕರು ಸೇರಿ ಕಟ್ಟಿಸಿದ್ದು. ಓದು ಬಲ್ಲವರು ಯಾರೇ ಬಂದರೂ ಗ್ರಂಥ ಕೊಡಬೇಕು, ಓದಿ ಮುಗಿದ ಮೇಲೆ ಹಿಂದಕ್ಕೆ ಪಡೆಯಬೇಕು, ಇಷ್ಟೇ ಅವರು ಹಾಕಿದ ಕಟ್ಟಳೆ. ಅದನ್ನು ನಡೆಸಲು ಒಬ್ಬ ಭಂಡಾರಿಯನ್ನು ಇಟ್ಟರು.

ಭಂಡಾರಿ ಒಳ್ಳೆಯವನು, ಓದಿಕೊಂಡವನು. ಓಲೆಗಳಿಗೆ ಎಣ್ಣೆ ಸವರುವುದರಲ್ಲಾಗಲಿ, ಹುಳು ಹತ್ತದಂತೆ ಬಟ್ಟೆಯಲ್ಲಿ ಕಟ್ಟಿಡುವುದರಲ್ಲಾಗಲಿ ಅವನಿಗೆ ಸೋಮಾರಿತನವಿರಲಿಲ್ಲ. ಆದರೆ ಬರಬರುತ್ತಾ ಅವನಿಗೊಂದು ಯೋಚನೆ ಹತ್ತಿತು. ಗ್ರಂಥ ಕೆಟ್ಟವರ ಕೈಗೆ ಸಿಕ್ಕರೆ ಅದರ ಪಾಪ ಕೊಟ್ಟವನಿಗೂ ತಟ್ಟುತ್ತದೆ ಎಂದುಕೊಂಡ. ಅಂದಿನಿಂದ ಬಂದವರನ್ನೆಲ್ಲ ಎರಡು ಮಾತು ಕೇಳತೊಡಗಿದ: ಏನು ಬೇಕು, ಏಕೆ ಬೇಕು. ಮನಸ್ಸಿಗೆ ಒಪ್ಪುವ ಕಾರಣ ಹೇಳಿದವರಿಗೆ ಕೊಟ್ಟ. ಹೇಳದವರನ್ನು ಬಂದ ದಾರಿಗೆ ಕಳಿಸಿದ. ಊರು ಇದನ್ನು ಮೆಚ್ಚಿಕೊಂಡಿತು.

ಏನು ಹೇಳಿದರೆ ಭಂಡಾರಿಯ ಮುಖ ಅರಳುತ್ತದೆಂದು ಜನ ಬೇಗ ಕಲಿತರು. ಒಬ್ಬ ಗೌಡ ಬಂದು, ಸಂಸಾರ ಸಾಕಾಗಿದೆ, ವೈರಾಗ್ಯದ ಗ್ರಂಥ ಬೇಕು ಎಂದ. ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಬೀಗರು ಬಂದಾಗ ಪಡಸಾಲೆಯಲ್ಲಿ ಕಾಣುವಂತೆ ಇಡಲು ಒಂದು ದಪ್ಪ ಕಟ್ಟು. ಮೂರು ತಿಂಗಳ ಮೇಲೆ ಅದು ಹಿಂದಿರುಗಿದಾಗ, ತಾನು ಹಾಕಿದ ಗಂಟು ಹಾಗೆಯೇ ಇರುವುದನ್ನು ಭಂಡಾರಿ ಕಂಡ. ಕಂಡೂ ಏನೂ ಅನ್ನಲಿಲ್ಲ. ಕಾರಣ ಒಳ್ಳೆಯದಿತ್ತಲ್ಲ. ಒಬ್ಬ ಜೋಯಿಸ, ಪಕ್ಕದ ಬೀದಿಯ ಜೋಯಿಸ ಓದಿದ್ದಾನೆಂದು ಕೇಳಿ ಅದೇ ಗ್ರಂಥಕ್ಕೆ ಬಂದ. ಲೋಕದ ಹಿತಕ್ಕಾಗಿ ಎಂದ. ಅವನಿಗೂ ಸಿಕ್ಕಿತು.

ಎಲ್ಲರಿಗಿಂತ ಭಂಡಾರಿಯ ಮನಸ್ಸನ್ನು ಗೆದ್ದವನು ಒಬ್ಬ ಧಾನ್ಯದ ವ್ಯಾಪಾರಿ. ಅವನು ಗೃಹಸ್ಥಧರ್ಮದ ಗ್ರಂಥ ಕೇಳಿದ. ಏಕೆ ಎಂದಾಗ, ಮನೆಯಲ್ಲಿ ತಂದೆಯಿಲ್ಲ, ತಾನು ಹಿರಿಯ, ಒಬ್ಬನೇ ತಮ್ಮ, ಅವನೂ ಆರು ತಿಂಗಳಿಂದ ಕಾಯಿಲೆ, ಅವನನ್ನು ಹೇಗೆ ನೋಡಿಕೊಂಡರೆ ತಂದೆಯ ಆತ್ಮಕ್ಕೆ ಸಮಾಧಾನವೋ ತಿಳಿಯಬೇಕು ಎಂದ. ಹೇಳುತ್ತಾ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡ. ಭಂಡಾರಿ ಆ ಮಾತನ್ನು ಹೋದಹೋದಲ್ಲಿ ಹೇಳಿದ. ಓದುವುದಾದರೆ ಹಾಗೆ ಓದಬೇಕು ಎಂದ.

ಒಂದು ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಆ ತಮ್ಮನ ಹೆಂಡತಿ ಭಂಡಾರಕ್ಕೆ ಬಂದಳು. ಹೆಂಗಸರು ಅಲ್ಲಿಗೆ ಬರುವುದು ಅಪರೂಪ. ಅವಳಿಗೆ ಅಕ್ಷರ ಬರುತ್ತಿತ್ತು. ವಿಷಗಳನ್ನು ಕುರಿತ ಗ್ರಂಥ ಬೇಕೆಂದು ಕೇಳಿದಳು.

ಭಂಡಾರಿ ಏಕೆ ಎಂದ. ಅವಳು ನೆಲ ನೋಡಿದಳು. ಅವನು ಮತ್ತೆ ಕೇಳಿದ.

"ಓದಲೇಬೇಕಾಗಿದೆ, ಅಣ್ಣಾ. ಮನೆಗೆ ಒಯ್ಯುವುದಿಲ್ಲ. ನಿಮ್ಮ ಕಣ್ಣೆದುರೇ ಕೂತು ಒಂದು ಅಧ್ಯಾಯ ಓದಿ ಎದ್ದುಹೋಗುತ್ತೇನೆ."

"ಕಾರಣ ಹೇಳಮ್ಮಾ, ಕೊಡುತ್ತೇನೆ" ಎಂದ ಭಂಡಾರಿ.

ಅವಳು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ಏನನ್ನೂ ಹೇಳದೆ ಹೊರಟುಹೋದಳು.

ಮಾರನೆಯ ಮಧ್ಯಾಹ್ನ ಮತ್ತೆ ಬಂದಳು. ಈ ಸಲ ಕಾರಣವೊಂದನ್ನು ಜೊತೆಗೆ ತಂದಿದ್ದಳು. ಮನೆಯಲ್ಲಿ ಇಲಿಗಳ ಕಾಟ ಹೆಚ್ಚಾಗಿದೆ ಎಂದಳು. ಹೇಳುವಾಗ ತೊದಲಿದಳು, ಕಿವಿ ಕೆಂಪಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳೆಂದು ಯಾರು ಬೇಕಾದರೂ ತಿಳಿಯಬಹುದಿತ್ತು. ಭಂಡಾರಿ ಅದು ಸುಳ್ಳೆಂಬುದನ್ನು ಮಾತ್ರ ತಿಳಿದ. ಗ್ರಂಥ ಕೊಡಲಿಲ್ಲ. ಅವಳು ಕೈ ಮುಗಿದಳು. ಅವನು ಬೆನ್ನು ತಿರುಗಿಸಿ ಓಲೆಗಳಿಗೆ ಎಣ್ಣೆ ಸವರುವುದರಲ್ಲಿ ತೊಡಗಿದ.

ಅವಳು ಹೋದ ಮೇಲೆ ಅವನಿಗೆ ಕೈಕೆಲಸ ಸಾಗಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದಾನೆ, ಹೆಂಡತಿ ವಿಷದ ಗ್ರಂಥ ಹುಡುಕುತ್ತಿದ್ದಾಳೆ. ತಿಳಿದೂ ಸುಮ್ಮನಿದ್ದರೆ ತಾನು ಮನುಷ್ಯನೇ ಎಂದುಕೊಂಡ. ಬಾಗಿಲು ಹಾಕಿಕೊಂಡು ನೇರವಾಗಿ ಧಾನ್ಯದ ವ್ಯಾಪಾರಿಯ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದ. ವ್ಯಾಪಾರಿ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟ. ಆಮೇಲೆ ಎದ್ದು ಭಂಡಾರಿಯ ಎರಡೂ ಕೈ ಹಿಡಿದುಕೊಂಡು, ನನ್ನ ಮನೆಯನ್ನು ಉಳಿಸಿದಿರಿ ಎಂದ. ಭಂಡಾರಿ ಆ ದಿನ ನೆಮ್ಮದಿಯಿಂದ ಊಟ ಮಾಡಿದ.

ಇಪ್ಪತ್ತು ದಿನದಲ್ಲಿ ತಮ್ಮ ಸತ್ತ.

ಊರಿನ ಪಂಚರು ಸೇರಿದರು. ಭಂಡಾರಿಯನ್ನು ಕರೆಸಿ ಕೇಳಿದರು. ಅವನು ಕಂಡದ್ದನ್ನು ಕಂಡಂತೆ ಹೇಳಿದ. ಅವಳು ವಿಷದ ಗ್ರಂಥ ಕೇಳಿದ್ದು ನಿಜ. ಕಾರಣ ಕೇಳಿದಾಗ ಹೇಳದಿದ್ದದ್ದು ನಿಜ. ಆಮೇಲೆ ಸುಳ್ಳು ಹೇಳಿದ್ದೂ ನಿಜ. ಅವನು ಒಂದು ಮಾತನ್ನೂ ಸೇರಿಸಲಿಲ್ಲ. ಅವಳು, ಅತ್ತೆಯನ್ನೂ ತವರನ್ನೂ ಕಳೆದುಕೊಂಡಿದ್ದವಳು, ಭಾವನ ಕಡೆಗೆ ಕೈ ತೋರಿಸಿದಳು. ಸಭೆಯಲ್ಲಿದ್ದವರು ಛೀ ಎಂದರು. ಅವಳನ್ನು ಉಟ್ಟ ಬಟ್ಟೆಯಲ್ಲಿ ಊರ ಗಡಿ ದಾಟಿಸಿದರು. ಧಾನ್ಯದ ವ್ಯಾಪಾರಿ ತಮ್ಮನ ಹೆಸರಿನಲ್ಲಿ ಭಂಡಾರದ ಸೋರುವ ಮಾಡನ್ನು ಹೊಸದಾಗಿ ಹೊದಿಸಿಕೊಟ್ಟ.

ಒಂದು ವರ್ಷ ಕಳೆಯಿತು. ವರ್ಷಕ್ಕೊಮ್ಮೆ ಎಲ್ಲ ಕಟ್ಟುಗಳನ್ನೂ ಬಿಚ್ಚಿ ಓಲೆ ಒರೆಸುವುದು ವಾಡಿಕೆ. ಹಾಗೆ ಒರೆಸುತ್ತಾ ಭಂಡಾರಿ ವಿಷದ ಗ್ರಂಥವನ್ನು ಬಿಚ್ಚಿದ. ಅದನ್ನು ಅವನು ಒಮ್ಮೆಯೂ ಓದಿರಲಿಲ್ಲ. ಅಂಥದ್ದನ್ನು ಓದುವವನಲ್ಲವೆಂಬ ಹೆಮ್ಮೆ ಅವನಿಗಿತ್ತು. ಕಣ್ಣು ತಾನಾಗಿ ಒಂದು ಅಧ್ಯಾಯದ ಮೇಲೆ ನಿಂತಿತು. ದಿನದಿನವೂ ಅನ್ನದಲ್ಲಿ ಚೂರುಚೂರೇ ವಿಷ ಬೆರೆಸಿ ಕೊಟ್ಟರೆ ಮನುಷ್ಯ ಹೇಗೆ ಸೊರಗುತ್ತಾನೆ ಎಂಬುದು ಅಲ್ಲಿತ್ತು. ಕೂದಲು ಉದುರುವುದು, ಅಂಗೈ ಚರ್ಮ ಸುಲಿಯುವುದು, ಕಾಲು ಜೋಮು ಹಿಡಿಯುವುದು. ತಮ್ಮನನ್ನು ಅವನು ಕಂಡಿದ್ದ. ಎಲ್ಲವೂ ಹಾಗೆಯೇ ಇತ್ತು. ಅದರ ಕೆಳಗೆ ವಿಷ ಇಳಿಸುವ ಕ್ರಮವಿತ್ತು. ಮೊದಲು ಬಡಿಸುವ ಕೈಯನ್ನು ಬದಲಿಸಬೇಕು, ಆಮೇಲೆ ಇಂಥ ಬೇರಿನ ಕಷಾಯವನ್ನು ಇಷ್ಟು ದಿನ ಕೊಡಬೇಕು ಎಂದಿತ್ತು. ಆ ಬೇರು ಊರಾಚೆ ಎಲ್ಲ ಬೇಲಿಗಳಲ್ಲೂ ಬೆಳೆಯುವಂಥದ್ದು.

ಕೊನೆಯ ಓಲೆಯಲ್ಲಿ ಪ್ರತಿ ಮಾಡಿದವನು ತನ್ನ ಹೆಸರು ಬರೆದಿದ್ದ. ಪಂಚರ ಸಭೆಯಲ್ಲಿ ಆ ಹೆಂಗಸಿನ ತಂದೆಯದೆಂದು ಕೇಳಿದ್ದ ಹೆಸರೇ ಅದು. ಕೆಳಗೆ ಇನ್ನೊಂದು ಸಾಲು: "ಮಗಳು ನಾಗಬ್ಬೆ ಮೂಲವನ್ನು ಓದಿ ಹೇಳಿದಳು, ನಾನು ಬರೆದೆ." ಆ ಹೆಂಗಸಿನ ಹೆಸರು ಭಂಡಾರಿಗೆ ತಿಳಿದದ್ದು ಆಗಲೇ. ಅಧ್ಯಾಯ ಇರುವುದು ಅವಳಿಗೆ ನೆನಪಿತ್ತು. ಬೇರಿನ ಹೆಸರು ಮರೆತಿತ್ತು.

ಅವನು ಓಲೆಗಳನ್ನು ಹಾಗೆಯೇ ಬಿಟ್ಟು ವ್ಯಾಪಾರಿಯ ಪಕ್ಕದ ಮನೆಯ ಮುದುಕಿಯ ಬಳಿಗೆ ಹೋದ. ಆಕೆ ಮುಚ್ಚಿಡಲಿಲ್ಲ. ಭಂಡಾರಕ್ಕೆ ಬರುವ ಮುಂಚೆ ಆ ಹೆಣ್ಣು ಹಿತ್ತಲಲ್ಲಿ ಬೇರೆ ಒಲೆ ಹೂಡಿ ಗಂಡನಿಗೆ ತಾನೇ ಬೇಯಿಸಿ ಹಾಕುತ್ತಿದ್ದಳು. ಹತ್ತು ದಿನದಲ್ಲಿ ಅವನು ಎದ್ದು ಬಾಗಿಲ ತನಕ ನಡೆದು ಬಂದಿದ್ದ.

"ನೀನು ಬಂದುಹೋದ ಸಂಜೆಯೇ ಆ ಒಲೆ ಒಡೆದರು" ಎಂದಳು ಮುದುಕಿ. "ಅವಳನ್ನು ಕೋಣೆಯಲ್ಲಿ ಕೂಡಿಹಾಕಿದರು. ಅಂದಿನಿಂದ ಗಂಜಿಯ ಬಟ್ಟಲನ್ನು ಅಣ್ಣನೇ ಒಯ್ಯುತ್ತಿದ್ದ."

ಭಂಡಾರಿ ಗ್ರಂಥವನ್ನು ಎದೆಗೊತ್ತಿಕೊಂಡು ಪಂಚರ ಮುಂದೆ ನಿಂತ. ಅವರು ಕೇಳಿಸಿಕೊಂಡರು. ಸತ್ತವನು ಸತ್ತ, ಹೋದವಳು ಹೋದಳು, ಉಳಿದವನು ಊರಿಗೆ ಬೇಕಾದವನು ಎಂದರು. ಅವರಲ್ಲಿ ಹಿರಿಯನೊಬ್ಬ ಮುಖ ಗಂಟಿಕ್ಕಿ, ಇಂಥ ಗ್ರಂಥವನ್ನು ನೀನು ಓದಿದ್ದಾದರೂ ಏಕೆ ಎಂದು ಕೇಳಿದ.

ಭಂಡಾರಿ ಬೀಗದ ಕೈಯನ್ನು ಅಲ್ಲೇ ಇಟ್ಟು ನಾಗಬ್ಬೆಯನ್ನು ಹುಡುಕಿಕೊಂಡು ಹೊರಟ. ನಾಲ್ಕು ಊರು ತಿರುಗಿದ. ಐದನೆಯ ಊರಿನಲ್ಲಿ, ಅಂಥ ಹೆಂಗಸೊಬ್ಬಳು ಮನೆಮನೆಯಲ್ಲಿ ರಾಗಿ ಬೀಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು, ಚಳಿಗಾಲದಲ್ಲಿ ತೀರಿಕೊಂಡಳು ಎಂದರು. ಅವಳಿಗೆ ಅಕ್ಷರ ಬರುತ್ತಿತ್ತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವನು ತನ್ನ ಊರಿಗೆ ಹಿಂದಿರುಗಿದಾಗ ಭಂಡಾರದಲ್ಲಿ ಬೇರೊಬ್ಬ ಕೂತಿದ್ದ. ಧಾನ್ಯದ ವ್ಯಾಪಾರಿ ಈಗ ಮೋಕ್ಷದ ಗ್ರಂಥ ಓದುತ್ತಿದ್ದಾನೆಂದು ಬೀದಿಯಲ್ಲಿ ಜನ ಹೇಳಿಕೊಳ್ಳುತ್ತಿದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗಯ್ಯನಿಗೆ ಒಂದು ವಿಷಯ ಬಗೆಹರಿದಿರಲಿಲ್ಲ.

"ಆದರೂ ಗುರುಗಳೇ, ಅವಳು ಮೊದಲ ದಿನವೇ ನಿಜವಾದ ಕಾರಣ ಹೇಳಿದ್ದರೆ ಭಂಡಾರಿ ಕೊಡುತ್ತಿದ್ದನಲ್ಲವೇ?"

ಗುರುಗಳು ಎಂದರು: "ಕಾರಣ ಹೇಳಿಕೊಳ್ಳಲು ಒಬ್ಬ ಮನುಷ್ಯನಾದರೂ ಇದ್ದಿದ್ದರೆ ಅವಳು ಗ್ರಂಥದ ಬಳಿಗೆ ಬರುತ್ತಲೇ ಇರಲಿಲ್ಲ."