ಗಣಿಗುಡ್ಡದ ತುಂಬೆ

ಹೂವಿರುವ ದಿಕ್ಕನ್ನು ಗೂಡಿನಲ್ಲಿ ಕುಣಿದು ತೋರಿಸುವುದು ತುಡುವೆ ಜೇನುಗಳ ಪದ್ಧತಿ. ಆದರೆ ಗಣಿ ಅಗೆದುಬಿಟ್ಟ ಗುಡ್ಡದ ದಿಕ್ಕಿಗೆ ಯಾರೂ ಕುಣಿಯಕೂಡದು. ಒಂದು ಕಾಲದಲ್ಲಿ ಅಲ್ಲಿನ ಧೂಳು ರೆಕ್ಕೆಗೆ ಮೆತ್ತಿ ಸತ್ತವರ ಕಥೆ ಹೇಳಿ, ಗೂಡಿನ ಹಿರಿಯಜ್ಜಿ ಹಾಗೆಂದು ಕಟ್ಟಪ್ಪಣೆ ಮಾಡಿದ್ದಳು.

ಒಂದು ಬೆಳಿಗ್ಗೆ ಬಿರುಗಾಳಿ ತುಡುವೆಯೊಬ್ಬಳನ್ನು ಎತ್ತಿಕೊಂಡು ಹೋಗಿ ಆ ಗುಡ್ಡದಲ್ಲೇ ಕೆಡವಿತು. ಹೆದರಿ ಹೊರಟವಳನ್ನು ಕೆಂಧೂಳು ಮೆತ್ತಿದ ಗಿಡವೊಂದು ಕರೆಯಿತು: "ತಂಗೀ, ಕೂತು ಹೋಗು. ನಾನು ತುಂಬೆ."

"ತುಂಬೆ ಬೆಳ್ಳಗಿರುತ್ತದೆ. ನೀನು ಬರೀ ಧೂಳು."

"ಧೂಳು ಗಣಿಯದು, ಹೂವು ನನ್ನದು. ಇಂದೂ ಯಾರೂ ಬಾರದಿದ್ದರೆ ಈ ಗುಡ್ಡದ ತುಂಬೆಗಳೆಲ್ಲ ಬೀಜ ಕಟ್ಟದೆ ಒಣಗಿಹೋಗುತ್ತೇವೆ."

ತುಡುವೆ ಹಿಂದಿರುಗಿ ಬಂದಳು. ಕೂತು ರೆಕ್ಕೆ ಬಡಿದಳು. ಧೂಳು ಉದುರಿ ಹಾಲಿನಂಥ ಹೂವು ಕಂಡಿತು. ಒಳಗೆ ಮಕರಂದವೂ ಇತ್ತು.

ಗೂಡಿಗೆ ಮರಳಿದವಳೇ ಗಣಿಯ ದಿಕ್ಕಿಗೆ ಕುಣಿಯತೊಡಗಿದಳು.

"ಹುಚ್ಚು ಹಿಡಿಯಿತೇನೇ? ಅಲ್ಲಿ ಮಣ್ಣು ಬಿಟ್ಟು ಏನಿದೆ?" ಎಂದು ಅಜ್ಜಿ ಗದರಿದಳು.

"ತಂದ ಮಕರಂದದ ರುಚಿ ನೋಡಿ ಬೈ, ಅಜ್ಜಿ" ಎಂದ ತುಡುವೆ ಕುಣಿತ ನಿಲ್ಲಿಸಲಿಲ್ಲ.

ಅಜ್ಜಿ ರುಚಿ ನೋಡಿದಳು. ನೇರ ಗೂಡಿನ ಬಾಗಿಲಿಗೆ ನಡೆದಳು. ಮೊದಲು ಹಾರಿದವಳು ಅವಳೇ. ಹಿಂದೆ ಇಡೀ ಗೂಡೇ ಹೊರಟಿತು.

ಅಷ್ಟು ರೆಕ್ಕೆಗಳ ಬಡಿತಕ್ಕೆ ಸಂಜೆಯೊಳಗೆ ಗುಡ್ಡವೆಲ್ಲ ಬೆಳ್ಳಗಾಯಿತು. ಗುಡ್ಡದಲ್ಲಿ ಗಣಿ ಎಂದೋ ನಿಂತುಹೋಗಿತ್ತು. ಗೂಡಿನವರ ಪಾಲಿಗೆ ಅದು ನಿಂತದ್ದು ಆ ದಿನ.