ಹೊಂಬಯ್ಯನ ಒಂದು ಹಿಡಿ ಹಿಟ್ಟು

ಬಾ ಕೂಸೆ, ಮಲಗು. ನಂಗೆ ಕಾಲು ಬಿದ್ದುಹೋಗ್ತಾ ಇದೆ, ಒಂದೇ ಕತೆ, ಮಧ್ಯೆ ಬಾಯಿ ಹಾಕಬೇಡ. ಒಂದಾನೊಂದು ಕಾಲದಲ್ಲಿ, ಅಂದ್ರೆ ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ಹೊಂಬಯ್ಯ ಅಂತ ಒಬ್ಬ ಅಂಬಿಗ ಇದ್ನಂತೆ. ಹರಿಗೋಲು ನಡೆಸೋದ್ರಲ್ಲಿ ಅವನನ್ನ ಬಿಟ್ರೆ ಇನ್ನೊಬ್ಬನಿಲ್ಲ, ಹೆಂಡ ಕುಡಿಯೋದ್ರಲ್ಲೂ ಅವನನ್ನ ಬಿಟ್ರೆ ಇನ್ನೊಬ್ಬನಿಲ್ಲ. ಒಂದ್ಸಲ ಅಮಲಲ್ಲಿ ನಡುಹೊಳೇಲಿ ಹರಿಗೋಲು ಮಗುಚಿ, ಜನ ಹೆಂಗೋ ಈಜಿ ದಡ ಸೇರಿದ್ರಂತೆ. ಆಮೇಲಿಂದ ಅವನ ಹರಿಗೋಲಿಗೆ ಯಾರೂ ಹತ್ತುತ್ತಿರಲಿಲ್ಲವಂತೆ.

ಅವನಿಗೆ ಚಿಕ್ಕತಾಯಿ ಅಂತ ಒಬ್ಬಳೇ ಮಗಳು, ತಾಯಿ ಇಲ್ಲದ ಕೂಸು. ಕುಡಿಯೋದು ಬಿಡ್ತೀನಿ ಅಂತ ಅವನು ಮೊದಲು ಸತ್ತ ಅವ್ವನ ಮೇಲೆ ಆಣೆ ಮಾಡಿದ್ನಂತೆ, ಮೂರೇ ದಿನಕ್ಕೆ ಕುಡಿದ. ಆಮೇಲೆ ಊರದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ, ಅವತ್ತೇ ಕುಡಿದ. ಆಮೇಲೆ ಮಗಳ ತಲೆ ಮೇಲೇ ಕೈ ಇಟ್ಟನಂತೆ, ಅದೂ ನಿಲ್ಲಲಿಲ್ಲ. ಆ ಹೊತ್ತಿಗೆ ಅವಳಿಗೆ ಆಚೆ ದಡದ ಊರಲ್ಲಿ ಗಂಡು ಗೊತ್ತಾಗಿತ್ತು. ಅಪ್ಪಯ್ಯ, ನಂಗೆ ಸಾಕಾಗಿದೆ, ಮದುವೆಗೆ ನಾನು ಬೇರೆಯವರ ಹರಿಗೋಲಲ್ಲೇ ಹೊಳೆ ದಾಟ್ತೀನಿ ಅಂದಳಂತೆ. ಅಂಬಿಗನ ಮಗಳು ಬೇರೆಯವರ ಹರಿಗೋಲಲ್ಲಿ ಹೋಗೋದಾ! ಹೊಂಬಯ್ಯ ಎದ್ದು ಗುಡ್ಡದ ಕಡೆ ನಡೆದ.

ಗುಡ್ಡದ ಗವೀಲಿ ಬುದ್ಧನ ದಾರಿ ಹಿಡಿದ ಒಬ್ಬ ಬೋಳುತಲೆ ಭಿಕ್ಕು ಇದ್ನಂತೆ. ಸಂಜೆಯಾದ್ರೆ ಚಟಕ್ಕೆ ಬಿದ್ದೋರೆಲ್ಲ ಅಲ್ಲಿ ಬಂದು ಕೂರೋರಂತೆ, ಅಫೀಮಿನ ಪೈಲ್ವಾನ, ಜೂಜಿನ ಶ್ಯಾನುಭೋಗ, ಹೆಂಡದ ದೇವೀರಜ್ಜಿ. ಹೊಂಬಯ್ಯ ಹೋದವನೇ, ಸ್ವಾಮಿ, ನಿಮ್ಮ ಪಾದದ ಮೇಲೆ ಆಣೆ ಮಾಡ್ತೀನಿ ಅಂದ. ಆಣೆ ಬೇಡಪ್ಪ, ಕೂತ್ಕೊ, ನಿನ್ನ ಉಸಿರು ನೋಡು, ಆಸೆ ಬಂದ್ರೆ ಬಂತು ಅಂತ ಬಾಯಿಬಿಟ್ಟು ಹೇಳು ಅಂದನಂತೆ ಭಿಕ್ಕು. ಅಲ್ಲಿ ಒಂದೇ ಕಟ್ಟಳೆ. ಕುಡಿದಿರಲಿ ಬಿಟ್ಟಿರಲಿ, ಒಬ್ಬೊಬ್ಬರೂ ಒಂದೊಂದು ಹಿಡಿ ರಾಗಿಹಿಟ್ಟು ತರಬೇಕು, ಎಲ್ಲರೂ ಬಂದ ಮೇಲೇ ಅಂಬಲಿಗೆ ಒಲೆ ಹಚ್ಚಬೇಕು. ಭಿಕ್ಕು ಮಧ್ಯಾಹ್ನ ಕಳೆದ ಮೇಲೆ ಉಣ್ಣೋನಲ್ಲ, ಅವರು ಅಂಬಲಿ ಕುಡಿಯೋದನ್ನ ನೋಡ್ತಾ ಕೂರೋನಂತೆ, ಪಾಪ.

ಹೊಂಬಯ್ಯನೂ ದಿನಾ ಹೋಗಿ ಕೂರೋಕೆ ಶುರುಮಾಡಿದ. ಒಂದ್ಸಲ ಹೆಂಡದಂಗಡಿ ಮುಂದೆ ಹಾಯೋವಾಗ ಆಸೆ ಬಂತಂತೆ. ಬಂತು ಬಂತು ಅಂತ ಕೂಗ್ತಾ ಗವಿವರೆಗೂ ಓಡಿದ, ಊರೆಲ್ಲ ನಗ್ತು. ಎರಡನೇ ಸಲ ಹಳೇ ಗೆಳೆಯರು ಹೆಂಡ ಬಾಯಿಗೇ ಹಿಡಿದ್ರಂತೆ, ಕಣ್ಣು ಮುಚ್ಚಿ ಉಸಿರು ನೋಡ್ತಾ ಕೂತ, ಆಸೆ ಹೋಯ್ತು. ಮೂರನೇ ಸಲ ಕಾರಣ ಏನೂ ಇರಲಿಲ್ಲ ಕೂಸೆ. ದುಃಖ ಇಲ್ಲ, ಖುಷಿ ಇಲ್ಲ, ತಣ್ಣಗೆ ಗಾಳಿ ಬೀಸ್ತಿತ್ತು, ಹೋಗಿ ಕುಡಿದ. ಹಂಗೇ ಅದು. ದೊಡ್ಡೋಳಾದ್ಮೇಲೆ ನಿಂಗೆ ಅರ್ಥ ಆಗ್ತದೆ, ಆಗದೇ ಇದ್ರೆ ಇನ್ನೂ ಒಳ್ಳೇದು.

ಮಾರನೇ ದಿನ ಕಂಬಳಿ ಮುಸುಕು ಹಾಕಿ ಮಲಗಿಬಿಟ್ಟನಂತೆ. ಹೊತ್ತು ಮುಳುಗ್ತಾ ಬಂತು, ದೇವೀರಜ್ಜಿ ಗುಡ್ಡ ಇಳಿದು, ಕುಂಟ್ಕೊಂಡು ಬಂದು ಬಾಗಿಲು ಬಡಿದಳಂತೆ. ಹೋಗಜ್ಜಿ, ನಾನು ಕುಡಿದುಬಿಟ್ಟೆ, ಯಾವ ಮುಖ ಇಟ್ಕೊಂಡು ಬರಲಿ ಅಂದ ಇವನು. ನಿನ್ನ ಮುಖ ಯಾರಿಗೆ ಬೇಕೋ, ಹಿಟ್ಟು ತಗೊಂಡು ಬಾ, ನೀನು ಬಂದಿಲ್ಲ ಅಂತ ಒಲೆ ಹಚ್ಚಿಲ್ಲ, ಪೈಲ್ವಾನ ಹಸಿವಿಗೆ ಅಳ್ತಾ ಕೂತವ್ನೆ, ನಂಗೂ ಮಂಡಿ ನೋವು, ಏಳು ಅಂದಳಂತೆ ಅಜ್ಜಿ. ಹೊಂಬಯ್ಯ ಬಿಕ್ಕಿ ಬಿಕ್ಕಿ ಅತ್ತ. ಅಳ್ತಾನೇ ಒಂದು ಹಿಡಿ ಹಿಟ್ಟು ಹೆಗಲ ವಸ್ತ್ರದ ತುದಿಗೆ ಕಟ್ಟಿ, ಅಜ್ಜಿ ಹಿಂದೆ ಗುಡ್ಡ ಹತ್ತಿದ. ಭಿಕ್ಕು, ಬಂದ್ಯಾ, ಕೂತ್ಕೊ ಅಂದ, ಅಷ್ಟೇ.

ಆಮೇಲೆ ಎಷ್ಟೋ ತಿಂಗಳು ಕಳೆದು ಮದುವೆ ದಿಬ್ಬಣ ಹೊರಡೋ ದಿನ ಬಂತಂತೆ. ಚಿಕ್ಕತಾಯಿ ದಡದಲ್ಲಿ ನಿಂತು ಕೇಳಿದ್ಲು, ಅಪ್ಪಯ್ಯ, ಇನ್ನು ಕುಡಿಯಲ್ಲ ತಾನೆ? ಹೊಂಬಯ್ಯ ಆಣೆ ಮಾಡಲಿಲ್ಲ. ಇವತ್ತು ಕುಡಿದಿಲ್ಲ ಮಗಳೇ, ನಾಳೇದು ನಂಗೆ ಗೊತ್ತಿಲ್ಲ ಅಂದ. ಅವಳು ಅಪ್ಪನ ಬಾಯಲ್ಲಿ ನಿಜ ಕೇಳಿದ್ದು ಅದೇ ಮೊದಲಂತೆ. ಸೀರೆ ಎತ್ತಿ ಹಿಡಿದು ಅಪ್ಪನ ಹರಿಗೋಲಿಗೇ ಕಾಲಿಟ್ಟಳು.

ನಡುಹೊಳೆವರೆಗೂ ಎರಡೂ ಕೈಲಿ ಅಂಚು ಗಟ್ಟಿಯಾಗಿ ಹಿಡಿದಿದ್ದಳಂತೆ. ಆಮೇಲೆ ಕೈ ಸಡಿಲಾಯ್ತು, ಅಪ್ಪನ ಮಂಡಿಗೆ ತಲೆ ಆನಿಸಿ, ಮದುಮಗಳು ನಿದ್ದೆ ಹೋಗಿಬಿಟ್ಟಳು. ಎಷ್ಟು ವರ್ಷದ ನಿದ್ದೆ ಬಾಕಿ ಇತ್ತೋ! ದಡ ಬಂತು, ಗಂಡಿನ ಕಡೆಯೋರು ಓಲಗ ಊದೋಕೆ ಹೊರಟ್ರು, ಹೊಂಬಯ್ಯ ಶ್ ಅಂತ ಬಾಯಿ ಮೇಲೆ ಬೆರಳಿಟ್ಟು, ಹರಿಗೋಲು ಅಲ್ಲಾಡದ ಹಾಗೆ ಹುಟ್ಟು ಊರಿ ನಿಂತ್ಕೊಂಡನಂತೆ, ಅವಳಾಗೇ ಏಳೋವರೆಗೂ.

ಅವರು ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಹಿಂಗಿದ್ದೀವಿ. ಕತೆ ಮುಗೀತು, ನನ್ನ ಶಕ್ತೀನೂ ಮುಗೀತು. ಕಣ್ಣು ಮುಚ್ಚು.